ಹೇನಿಗೆ ಹೊಡೆದರೆ ನುಸಿ ಏಳುತ್ತದೆ: ಸೋಯಾಬೀನ್‌ಗೆ ಹಲವು ಪೀಡೆ ಒಟ್ಟಿಗೆ ಬಿದ್ದಾಗ ಯಾವ ಕ್ರಮ ಆರಿಸಬೇಕು?

ಕೈಪಿಡಿಗಳು ಒಂದೊಂದು ಪೀಡೆಗೆ ಒಂದೊಂದು ಪುಟ ಮೀಸಲಿಡುತ್ತವೆ. ಸಸ್ಯಹೇನಿಗೆ ಇದು, ಮರಿಹುಳುವಿಗೆ ಅದು, ತುಕ್ಕು ರೋಗಕ್ಕೆ ಮತ್ತೊಂದು. ಪೀಡೆಗಳಿಗೆ ಈ ಪುಟಗಳ ಲೆಕ್ಕ ಗೊತ್ತಿಲ್ಲ. ಒಂದೇ ಗಿಡದ ಕುಡಿಯಲ್ಲಿ ಹೇನು, ನಡುವಿನ ಎಲೆಯಲ್ಲಿ ಮರಿಹುಳು, ಕೆಳಗಿನ ಎಲೆಯಲ್ಲಿ ತುಕ್ಕಿನ ಚುಕ್ಕೆ, ಮಣ್ಣಿನೊಳಗೆ ಬೇರಿಗೆ ಅಂಟಿಕೊಂಡ ಜಂತುಹುಳು (ನೆಮಟೋಡ್) ಹೀಗೆ ನಾಲ್ಕೂ ಒಟ್ಟಿಗೆ ಸಂಸಾರ ಹೂಡಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನಾಲ್ಕು ಪುಟಗಳ ನಾಲ್ಕು ಸಲಹೆಗಳನ್ನು ಕೂಡಿಸಿ ಪಾಲಿಸಿದರೆ ಕೆಲಸ ಮುಗಿಯಿತೆಂದು ಅನ್ನಿಸುತ್ತದೆ. ಮುಗಿಯುವುದಿಲ್ಲ. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ಮೇವಾಗುವುದು ಈ ಬೆಳೆಯಲ್ಲಿ ತೀರಾ ಸಾಮಾನ್ಯ.

ಹಾಗಾಗಿ ಇಲ್ಲಿ ಕ್ರಮಗಳನ್ನು ಹೋಲಿಸಲು ನಾನು ಬಳಸುವ ಅಳತೆಗೋಲು ಸ್ವಲ್ಪ ಬೇರೆ. ಈ ಕ್ರಮ ಗುರಿಯಿಟ್ಟ ಪೀಡೆಯನ್ನು ಎಷ್ಟು ಚೆನ್ನಾಗಿ ಕೊಲ್ಲುತ್ತದೆ ಎನ್ನುವುದು ಎರಡನೆಯ ಪ್ರಶ್ನೆ. ಅದು ಸತ್ತು ತೆರವಾದ ಜಾಗಕ್ಕೆ ಯಾರು ಬಂದು ಕೂರುತ್ತಾರೆ ಎನ್ನುವುದು ಮೊದಲನೆಯದು.

ಹೆಸರು ಹಿಡಿದಲ್ಲ, ಹಾನಿ ಹಿಡಿದು ಗುಂಪು ಮಾಡಿ

ಹತ್ತು ಪೀಡೆಗಳ ಹೆಸರು ನೆನಪಿಡುವುದಕ್ಕಿಂತ ಅವು ಗಿಡಕ್ಕೆ ಏನು ಮಾಡುತ್ತವೆ ಎಂದು ನೋಡುವುದು ಸುಲಭ, ಉಪಯುಕ್ತವೂ ಹೌದು. ಬೆನ್ನು ಬಾಗಿಸಿ ನಡೆಯುವ ಹಸಿರು ಮರಿಹುಳು, ಸ್ಪೊಡಾಪ್ಟೆರಾ ಎನ್ನುವ ಮರಿಹುಳು, ಎಲೆ ಕೊರೆಯುವ ಜೀರುಂಡೆಗಳು ಎಲೆ ತಿನ್ನುವ ಗುಂಪು. ಹೇನು, ಬಿಳಿನೊಣ, ನುಸಿ ಎಲೆಯಿಂದ ಹೀರುವ ಗುಂಪು. ತಿಗಣೆಗಳು ನೇರವಾಗಿ ಕಾಯಿಗೆ ಸೂಜಿಯಂಥ ಬಾಯಿ ಚುಚ್ಚುತ್ತವೆ. ಕಾಂಡ ನೊಣ, ಜಂತುಹುಳು, ಬೇರುಕೊಳೆ ತರುವ ಶಿಲೀಂಧ್ರಗಳು ನೀರಿನ ದಾರಿಯನ್ನೇ ಕಟ್ಟುತ್ತವೆ.

ಒಂದೇ ಗುಂಪಿನವು ಜೊತೆಗೂಡಿದರೆ ಲೆಕ್ಕ ಸರಳ, ಕೂಡಿಸಿದರಾಯಿತು. ಎಲೆ ತಿಂದದ್ದು ಯಾವ ಹುಳು ಎನ್ನುವುದು ಗಿಡಕ್ಕೆ ಮುಖ್ಯವಲ್ಲ, ಎಷ್ಟು ಎಲೆ ಹೋಯಿತು ಎನ್ನುವುದಷ್ಟೇ ಮುಖ್ಯ. ಬ್ರೆಜಿಲ್‌ನಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಮಿತಿ ಇದನ್ನೇ ಆಧರಿಸಿದೆ: ಹೂ ಬಿಡುವ ಮೊದಲು ಎಲೆ ನಷ್ಟ 30%, ಹೂವಿನ ನಂತರ 15% ಮುಟ್ಟುವವರೆಗೆ ಔಷಧಿ ಬೇಡ. ಮೂರು ಜಾತಿಯ ಹುಳುಗಳಿದ್ದರೂ ಇದೇ ಮಿತಿ ನಡೆಯುತ್ತದೆ. ಪ್ರತಿ ಜಾತಿಯನ್ನೂ ಬೇರೆ ಬೇರೆ ಎಣಿಸಿ "ಇದೂ ಮಿತಿ ದಾಟಿಲ್ಲ, ಅದೂ ದಾಟಿಲ್ಲ" ಎಂದು ಕೂತರೆ ಮೂರೂ ಸೇರಿ ಮಿತಿ ದಾಟಿರುವುದು ಗೊತ್ತಾಗುವುದೇ ಇಲ್ಲ.

ಎಲೆ ನಷ್ಟವನ್ನು ಅಂದಾಜಿಸುವುದರಲ್ಲಿ ನಮ್ಮ ಕಣ್ಣು ಹೆಚ್ಚುಕಡಿಮೆ ಯಾವಾಗಲೂ ಉತ್ಪ್ರೇಕ್ಷೆ ಮಾಡುತ್ತದೆ. ಸೋಯಾಬೀನ್ ಎಲೆ ಎಂದರೆ ಮೂರು ಕಿರುಎಲೆಗಳ ಗೊಂಚಲು. ಅದರಲ್ಲಿ ಒಂದು ಕಿರುಎಲೆಯನ್ನು ಪೂರ್ತಿ ಚಿವುಟಿ ಎಸೆಯಿರಿ. ಉಳಿದದ್ದನ್ನು ಅಂಗೈ ಮೇಲೆ ಇಟ್ಟು ನೋಡಿ, ಅದು ಸುಮಾರು 33% ನಷ್ಟ. ಈಗ ಹೊಲದ ತೂತುಬಿದ್ದ ಎಲೆಯನ್ನು ಅದರ ಪಕ್ಕದಲ್ಲಿ ಹಿಡಿಯಿರಿ. "ಅರ್ಧ ಎಲೆಯೇ ಹೋಯಿತು" ಎಂದು ಒಬ್ಬ ರೈತರು ತೋರಿಸಿದ ಎಲೆ ಹೀಗೆ ಪಕ್ಕದಲ್ಲಿ ಹಿಡಿದಾಗ ಹತ್ತು ಹನ್ನೆರಡು ಶೇಕಡಾ ಕೂಡ ಇರಲಿಲ್ಲ. ಇನ್ನೊಂದು ತಪ್ಪು, ಕಣ್ಣಿಗೆ ಮೊದಲು ಬೀಳುವ ಮೇಲಿನ ಎಲೆಯನ್ನಷ್ಟೇ ಕೀಳುವುದು. ಮೇಲೆ, ನಡುವೆ, ಕೆಳಗೆ ಮೂರೂ ಕಡೆಯಿಂದ ಕೀಳಬೇಕು.

ಬೇರೆ ಬೇರೆ ಗುಂಪಿನವು ಜೊತೆಗೂಡಿದಾಗ ಕೂಡಿಸುವ ಲೆಕ್ಕ ಮುರಿದು ಬೀಳುತ್ತದೆ. ಗಿಡದ ಒಳಗಿನ ರಕ್ಷಣೆಗೆ ಎರಡು ಮುಖ್ಯ ದಾರಿಗಳಿವೆ. ಎಲೆ ಕಡಿಯುವ ಹುಳು ಬಂದಾಗ ಹೆಚ್ಚಾಗಿ ಜಾಸ್ಮೋನಿಕ್ ಆಮ್ಲದ ದಾರಿ ಎಚ್ಚರಗೊಳ್ಳುತ್ತದೆ. ರಸ ಹೀರುವ ಹಲವು ಕೀಟಗಳು, ಜೀವಂತ ಅಂಗಾಂಶದ ಮೇಲೆಯೇ ಬದುಕುವ ರೋಗಾಣುಗಳು ಬಂದಾಗ ಸ್ಯಾಲಿಸಿಲಿಕ್ ಆಮ್ಲದ ದಾರಿ. ಒಂದು ಚುರುಕಾದಾಗ ಇನ್ನೊಂದು ಮಂದವಾಗುವುದುಂಟು, ಅಂದರೆ ಮೊದಲು ಬಂದವನು ಎರಡನೆಯವನಿಗೆ ಬಾಗಿಲು ತೆರೆದಿಟ್ಟಂತಾಗುತ್ತದೆ. ಹೇನಿನಲ್ಲೇ ಇದರ ಸೊಗಸಾದ ಉದಾಹರಣೆಯಿದೆ. ನಿರೋಧಕ ತಳಿಯನ್ನು ಮೀರಿ ಬದುಕಬಲ್ಲ ಹೇನುಗಳು ಮೊದಲು ಗಿಡವನ್ನು ಹೊಕ್ಕರೆ, ಆ ಶಕ್ತಿಯಿಲ್ಲದ ಸಾಧಾರಣ ಹೇನುಗಳೂ ಅದೇ ಗಿಡದಲ್ಲಿ ನೆಮ್ಮದಿಯಾಗಿ ಬಾಳುತ್ತವೆ.

ಇನ್ನೂ ಸೂಕ್ಷ್ಮವಾದದ್ದು 2012ರಲ್ಲಿ ಅಮೆರಿಕದ ಅಯೋವಾದಿಂದ ಪ್ರಕಟವಾದ ಒಂದು ಹೊಲ ಪ್ರಯೋಗ. ಹೇನು, ಕಂದು ಕಾಂಡಕೊಳೆ, ಸಿಸ್ಟ್ ಜಂತುಹುಳು ಮೂರನ್ನೂ ಒಂದೇ ಬೆಳೆಗೆ ಬಿಟ್ಟಾಗ ಎಲೆಯ ಮೇಲಿನ ಹೇನಿನ ಕಾಟ ತಗ್ಗಿತು. ಮಣ್ಣಿನೊಳಗಿನ ಜಂತುಹುಳು ಮಾತ್ರ ಹಲವು ಪಟ್ಟು ಮರಿ ಹಾಕಿತು. ಎಲೆ ಮಗುಚಿ ಹೇನು ಎಣಿಸಿದವನು ಈ ವರ್ಷ ಪರವಾಗಿಲ್ಲ ಎಂದು ಮನೆಗೆ ಹೋಗುತ್ತಾನೆ. ಮುಂದಿನ ವರ್ಷದ ಸಾಲ ಕಾಲ ಕೆಳಗೆ ಬೆಳೆಯುತ್ತಿರುತ್ತದೆ.

ವಾರದ ಲೆಕ್ಕವೋ, ತಲೆ ಎಣಿಕೆಯೋ

ದಿನಾಂಕ ನೋಡಿ ಔಷಧಿ ಹೊಡೆಯುವುದಕ್ಕೂ ಎಣಿಸಿ ಹೊಡೆಯುವುದಕ್ಕೂ ಹೋಲಿಕೆ ಮಾಡಿದರೆ, ಹಲವು ಪೀಡೆಗಳಿರುವ ಹೊಲದಲ್ಲಿ ಎರಡನೆಯದೇ ಗೆಲ್ಲುತ್ತದೆ. ಕಾರಣ ಔಷಧಿಯ ಖರ್ಚು ಮಾತ್ರವಲ್ಲ. ದಿನಾಂಕದ ಸಿಂಪಡಣೆ ಪೀಡೆ ಬರುವ ಮೊದಲೇ ಅದರ ಶತ್ರುಗಳನ್ನು ಕೊಂದು ಹಾಕುತ್ತದೆ. ಬ್ರೆಜಿಲ್‌ನ ಪರಾನಾ ರಾಜ್ಯದಲ್ಲಿ ಎಣಿಸಿ ಹೊಡೆದ ಹೊಲಗಳಲ್ಲಿ ಕೀಟನಾಶಕದ ಸಿಂಪಡಣೆ ಸುಮಾರು ಅರ್ಧಕ್ಕೆ ಇಳಿಯಿತು, ಇಳುವರಿ ಇಳಿಯಲಿಲ್ಲ.

ಎಣಿಸುವುದಕ್ಕೆ ಬೇಕಾಗುವುದು 1 ಮೀಟರ್ ಉದ್ದದ ಬಿಳಿ ಬಟ್ಟೆ. ಎರಡು ಸಾಲುಗಳ ನಡುವೆ ಹಾಸಿ, ಒಂದು ಸಾಲಿನ ಗಿಡಗಳನ್ನು ಬಟ್ಟೆಯ ಮೇಲೆ ಬಾಗಿಸಿ ಜೋರಾಗಿ ಅಲುಗಿಸಿದರೆ ಬಿದ್ದದ್ದೆಲ್ಲ ಲೆಕ್ಕಕ್ಕೆ ಸಿಗುತ್ತದೆ. 1.5 ಸೆಂಟಿಮೀಟರ್‌ಗಿಂತ ಉದ್ದದ ಮರಿಹುಳು ಮೀಟರ್‌ಗೆ 20 ಇದ್ದರೆ ಔಷಧಿಯ ಸಮಯ. ತಿಗಣೆಯಾದರೆ ಕಾಳಿಗಾಗಿ ಬೆಳೆದ ಹೊಲಕ್ಕೆ ಮೀಟರ್‌ಗೆ 2, ಬಿತ್ತನೆ ಬೀಜಕ್ಕಾಗಿ ಬೆಳೆದ ಹೊಲಕ್ಕೆ 1. ಮರಿಹುಳುವಿಗೆ ಮಿತಿ 20, ತಿಗಣೆಗೆ ಬರೀ 2 ಎನ್ನುವ ಈ ಅಂತರವೇ ಹೇಳುತ್ತದೆ, ಎಲೆ ಹೋದರೆ ಗಿಡ ಸಹಿಸಿಕೊಳ್ಳುತ್ತದೆ, ಕಾಯಿಗೆ ಚುಚ್ಚಿದರೆ ಸಹಿಸುವುದಿಲ್ಲ.

ಸೋಯಾ ಹೇನಿಗೆ ಅಮೆರಿಕದಲ್ಲಿ ನಿಗದಿಯಾದ ಮಿತಿ ಗಿಡಕ್ಕೆ ಸರಾಸರಿ 250, ಅದೂ 80% ಗಿಡಗಳಲ್ಲಿ ಹೇನು ಇದ್ದು ಸಂಖ್ಯೆ ಏರುತ್ತಿದ್ದರೆ, ಕಾಳು ತುಂಬಲು ಶುರುವಾಗುವ ಹಂತದವರೆಗೆ. ನಿಜವಾದ ನಷ್ಟ ಶುರುವಾಗುವುದು ಸುಮಾರು 674ಕ್ಕೆ. ನಡುವಿನ ಅಂತರ ಪಂಪು ಸಿದ್ಧಮಾಡಿಕೊಳ್ಳಲು ಒಂದು ವಾರದ ಬಿಡುವು. "ಜಂತುಹುಳುವೂ ಇದೆ, ಬರವೂ ಇದೆ, ಆದ್ದರಿಂದ 100ಕ್ಕೇ ಹೊಡೆಯೋಣ" ಎಂದು ಮಿತಿಯನ್ನು ಇಳಿಸುವವರಿದ್ದಾರೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಬಿಡುವು ಆಗಲೇ ಮಿತಿಯೊಳಗೆ ಸೇರಿದೆ. ಮೊದಲೇ ಹೊಡೆದರೆ ಹೇನು ತಿನ್ನುವ ಗುಲಗಂಜಿ ಹುಳು ಹೊಟ್ಟೆ ತುಂಬಿಸಿಕೊಳ್ಳುವ ಮೊದಲೇ ಸಾಯುತ್ತದೆ.

ಎಲ್ಲವನ್ನೂ ಕೊಲ್ಲುವ ಔಷಧಿಯೋ, ಆಯ್ದು ಕೊಲ್ಲುವುದೋ

ಇದೇ ಈ ಬೆಳೆಯ ದೊಡ್ಡ ಆಯ್ಕೆ, ದೊಡ್ಡ ತಪ್ಪೂ ಇಲ್ಲಿಯೇ ಆಗುವುದು. "ಹಲವು ಹುಳುಗಳಿವೆ, ಆದ್ದರಿಂದ ಎಲ್ಲವನ್ನೂ ಕೊಲ್ಲುವ ಒಂದು ಔಷಧಿ" ಎನ್ನುವ ವಾದ ಕೇಳಲು ಎಷ್ಟು ಸರಿಯಾಗಿದೆಯೋ ಹೊಲದಲ್ಲಿ ಅಷ್ಟೇ ದುಬಾರಿ.

ಒಂದು ಒಣ ವರ್ಷ ನಾನೇ ಈ ಗುಂಡಿಗೆ ಬಿದ್ದಿದ್ದೇನೆ. ಹೇನು ಮಿತಿ ದಾಟಿತ್ತು, ಹೊಲದ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಎಲೆ ಮಸುಕಾಗಿತ್ತು. ಮಸುಕು ಬಿಸಿಲಿನದು ಎಂದುಕೊಂಡೆ. ಹಲವು ಬಗೆಯ ಕೀಟಗಳನ್ನು ಒಟ್ಟಿಗೆ ಕೊಲ್ಲುವ ಪೈರೆಥ್ರಾಯ್ಡ್ ಗುಂಪಿನ ಔಷಧಿ ಹೊಡೆಯಲು ಹೇಳಿದೆ. ಮೂರನೆಯ ದಿನ ಹೇನು ಹುಡುಕಿದರೂ ಸಿಗಲಿಲ್ಲ, ಹೊಗಳಿಸಿಕೊಂಡೆ. ಹತ್ತು ದಿನ ಕಳೆಯುವಷ್ಟರಲ್ಲಿ ಅಂಚಿನ ಮಸುಕು ಹೊಲದ ನಡುವಿನವರೆಗೆ ನಡೆದುಬಂದಿತ್ತು, ಎಲೆ ಕಂಚಿನ ಬಣ್ಣಕ್ಕೆ ತಿರುಗಿತ್ತು. ಅದು ಎರಡು ಚುಕ್ಕೆಯ ಜೇಡನುಸಿ. ಮೊದಲ ದಿನವೇ ಒಂದು ಬಿಳಿ ಕಾಗದದ ಮೇಲೆ ಆ ಮಸುಕಾದ ಎಲೆಯನ್ನು ಜಾಡಿಸಿ ನೋಡಬೇಕಿತ್ತು. ಧೂಳಿನ ಕಣಗಳಂಥ ಚುಕ್ಕೆಗಳು ಬೀಳುತ್ತವೆ. ಅರ್ಧ ನಿಮಿಷ ಸುಮ್ಮನೆ ನೋಡಿದರೆ ಕೆಲವು ಧೂಳಿನ ಕಣಗಳು ನಡೆಯಲು ಶುರುಮಾಡುತ್ತವೆ.

ಪೈರೆಥ್ರಾಯ್ಡ್‌ಗಳಲ್ಲಿ ಬಹುಪಾಲು ನುಸಿಯನ್ನು ಸರಿಯಾಗಿ ಕೊಲ್ಲುವುದಿಲ್ಲ, ನುಸಿ ತಿನ್ನುವ ಕೀಟಗಳನ್ನು ಮಾತ್ರ ಚೆನ್ನಾಗಿ ಕೊಲ್ಲುತ್ತವೆ. ಬೈಫೆಂತ್ರಿನ್ ಇದಕ್ಕೆ ಅಪವಾದ, ಅದಕ್ಕೆ ನುಸಿಯ ಮೇಲೂ ಹಿಡಿತವಿದೆ. ಸಾಲದ್ದಕ್ಕೆ 2015ರಿಂದ ಅಮೆರಿಕದ ಮಿನ್ನೆಸೋಟದಲ್ಲಿ ಪೈರೆಥ್ರಾಯ್ಡ್‌ಗೆ ಬಗ್ಗದ ಸೋಯಾ ಹೇನುಗಳು ಕಾಣಿಸಿಕೊಂಡಿವೆ. ಅಂಥ ಕಡೆ ಈ ಗುಂಪಿನ ಔಷಧಿಯಿಂದ ಹೇನೂ ಉಳಿಯುತ್ತದೆ, ನುಸಿಯೂ ಏಳುತ್ತದೆ. ಗಾಯದ ಮೇಲೆ ಬರೆ.

ಹಾಗಾದರೆ ಆಯ್ದು ಕೊಲ್ಲುವುದೇ ಯಾವಾಗಲೂ ಮೇಲೆ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ಹೇನೊಂದೇ ಸಮಸ್ಯೆಯಾಗಿದ್ದರೆ ಫ್ಲೋನಿಕಾಮಿಡ್‌ನಂಥ ಔಷಧಿ ಮಿತ್ರಕೀಟಗಳನ್ನು ಬಹುಮಟ್ಟಿಗೆ ಉಳಿಸುತ್ತದೆ. ಮರಿಹುಳು ಮಾತ್ರ ಮಿತಿ ದಾಟಿದ್ದರೆ ಕ್ಲೋರಾಂಟ್ರಾನಿಲಿಪ್ರೋಲ್ ನನ್ನ ಮೊದಲ ಆಯ್ಕೆ. ಎಲೆಯ ಮೇಲೆ ಬಹಳ ದಿನ ನಿಲ್ಲುತ್ತದೆ, ಗುಲಗಂಜಿ ಹುಳುವಿನ ತಂಟೆಗೆ ಹೆಚ್ಚು ಹೋಗುವುದಿಲ್ಲ. ಆದರೆ ಅದು ತಿಗಣೆಗೆ ಏನೂ ಮಾಡುವುದಿಲ್ಲ. ಕಾಯಿ ತುಂಬುವ ಹೊತ್ತಿನಲ್ಲಿ ಮರಿಹುಳುವೂ ತಿಗಣೆಯೂ ಎರಡೂ ಮಿತಿ ದಾಟಿದ್ದರೆ ಅಲ್ಲಿ ವ್ಯಾಪಕ ಔಷಧಿಗೆ ನಾನು ಬೇಡ ಎನ್ನುವುದಿಲ್ಲ. ಬೆಳೆ ಕೊಯ್ಲಿಗೆ ಹತ್ತಿರವಾಗಿರುವುದರಿಂದ ಎರಡನೆಯ ಅಲೆ ಏಳಲು ಸಮಯವೂ ಕಡಿಮೆ. ಅದೇ ಔಷಧಿ ಹೂವಿನ ಮೊದಲೇ ಬಿದ್ದರೆ ಎರಡು ತಿಂಗಳ ಬೆಲೆ ತೆರಬೇಕಾಗುತ್ತದೆ. ಕಾಲ ಬದಲಾದರೆ ಉತ್ತರವೂ ಬದಲಾಗುತ್ತದೆ ಎನ್ನುವುದನ್ನು ಮರೆತು "ಯಾವ ಔಷಧಿ ಒಳ್ಳೆಯದು" ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು "ಹೂ ಬಿಟ್ಟಿದೆಯೇ?" ಎಂದು.

ಜೈವಿಕ ಔಷಧಿಗಳದ್ದು ಇನ್ನೂ ಕಿರಿದಾದ ಗುರಿ. ಎನ್‌ಪಿವಿ ಎನ್ನುವ ನಂಜು (ವೈರಸ್) ಒಂದು ಜಾತಿಯ ಮರಿಹುಳುವನ್ನಷ್ಟೇ ಹಿಡಿಯುತ್ತದೆ. ನಂಜು ತಗುಲಿದ ಹುಳು ನಾಲ್ಕೈದು ದಿನಗಳಲ್ಲಿ ಮೇವು ಕಡಿಮೆ ಮಾಡಿ, ಸುಮಾರು ವಾರದಲ್ಲಿ ಗಿಡದ ತುದಿಗೆ ಹತ್ತಿ ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಮುಟ್ಟಿದರೆ ಒಳಗಿನದೆಲ್ಲ ನೀರಾಗಿ ಸುರಿಯುತ್ತದೆ, ಆ ನೀರೇ ಮುಂದಿನ ಹುಳುವಿಗೆ ವಿಷ. ಬ್ರೆಜಿಲ್‌ನಲ್ಲಿ ಸೋಯಾದ ಪ್ರಮುಖ ಎಲೆಹುಳುವಿನ ಮೇಲೆ ಈ ನಂಜನ್ನು 2000ದ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಹೆಕ್ಟೇರ್‌ಗೆ ಬಳಸುತ್ತಿದ್ದರು. ಆಮೇಲೆ ಬಳಕೆ ಕುಸಿಯಿತು. ನಂಜು ಸೋಲಲಿಲ್ಲ, ಹೊಲದಲ್ಲಿ ಒಂದರ ಜಾಗಕ್ಕೆ ಬೇರೆ ಜಾತಿಯ ಹುಳುಗಳೂ ಬಂದವು, ಒಂದನ್ನಷ್ಟೇ ಹಿಡಿಯುವ ಅಸ್ತ್ರಕ್ಕೆ ಕೆಲಸ ಕಡಿಮೆಯಾಯಿತು. ಆದ್ದರಿಂದ ಎನ್‌ಪಿವಿ ಕೊಳ್ಳುವ ಮೊದಲು ಬಟ್ಟೆಯ ಮೇಲೆ ಬಿದ್ದ ಹುಳುಗಳನ್ನು ಜಾತಿವಾರು ಬೇರ್ಪಡಿಸಿ ನೋಡಿ. ಹತ್ತರಲ್ಲಿ ಎಂಟು ಒಂದೇ ಜಾತಿಯವಾಗಿದ್ದು, ಇನ್ನೂ ಸಣ್ಣವಾಗಿದ್ದರೆ ಮಾತ್ರ ಹಾಕಿ, ಅದೂ ಸಂಜೆ. ಬಿಸಿಲಿಗೆ ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ.

ಶಿಲೀಂಧ್ರನಾಶಕವನ್ನು ಜೊತೆಗೆ ಬೆರೆಸಬೇಕೇ?

ಹೇಗೂ ಪಂಪು ಹೊಲಕ್ಕೆ ಇಳಿಯುತ್ತದೆ, ಕೀಟನಾಶಕದ ಜೊತೆ ಶಿಲೀಂಧ್ರನಾಶಕವನ್ನೂ ಒಂದೇ ತೊಟ್ಟಿಗೆ ಹಾಕಿಬಿಡೋಣ ಎನ್ನುವುದು ಕೂಲಿಯ ದೃಷ್ಟಿಯಿಂದ ಜಾಣತನ. ಪೀಡೆಯ ದೃಷ್ಟಿಯಿಂದ ಅದು ಬಹಳ ಸಲ ಉಡುಗೊರೆ.

ಆರ್ದ್ರತೆಯ ದಿನಗಳಲ್ಲಿ ಸೋಯಾ ಎಲೆಯ ಮೇಲೆ ಬಿಳಿ ಹಿಟ್ಟು ಮೆತ್ತಿದಂತೆ ಗಟ್ಟಿಯಾಗಿ ಅಂಟಿ ಸತ್ತ ಮರಿಹುಳುಗಳನ್ನು ನೋಡಿದ್ದೀರಾ? ಒಂದೆರಡು ದಿನಗಳಲ್ಲಿ ಆ ಬಿಳಿ ತಿಳಿಹಸಿರಿಗೆ ತಿರುಗುತ್ತದೆ. ಅದು ನೊಮೂರಿಯಾ ಎನ್ನುವ ಶಿಲೀಂಧ್ರ, ಪುಕ್ಕಟೆಯಾಗಿ ದುಡಿಯುವ ಆಳು. ತುಕ್ಕು ರೋಗಕ್ಕೆ ಹೊಡೆಯುವ ಔಷಧಿಗೆ ಕೆಟ್ಟ ಶಿಲೀಂಧ್ರ ಯಾವುದು, ಒಳ್ಳೆಯದು ಯಾವುದು ಎಂದು ಗೊತ್ತಾಗುವುದಿಲ್ಲ. ಬ್ರೆಜಿಲ್‌ಗೆ ಏಷ್ಯಾದ ಸೋಯಾ ತುಕ್ಕು 2001ರಲ್ಲಿ ಬಂದಿತು. ಅದರ ಹಿಂದೆಯೇ ಶಿಲೀಂಧ್ರನಾಶಕದ ಸಿಂಪಡಣೆ ಹೆಚ್ಚಿತು, ಅಲ್ಲಿಯವರೆಗೆ ಮೂಲೆಯಲ್ಲಿದ್ದ ಬಾಗುನಡೆಯ ಮರಿಹುಳು ಮುಖ್ಯ ಪೀಡೆಯ ಸಾಲಿಗೆ ಏರಿತು. ಅದನ್ನು ಹದ್ದಿನಲ್ಲಿಟ್ಟಿದ್ದ ಶಿಲೀಂಧ್ರವನ್ನೇ ಕೊಂದದ್ದು ಇದಕ್ಕೆ ಒಂದು ಮುಖ್ಯ ಕಾರಣ ಎಂದು ಅಲ್ಲಿನ ಕೀಟತಜ್ಞರು ಹೇಳುತ್ತಾರೆ. ಹೇನನ್ನೂ ನುಸಿಯನ್ನೂ ಕೊಲ್ಲುವ ಶಿಲೀಂಧ್ರಗಳಿಗೂ ಇದೇ ಗತಿ.

ತುಕ್ಕು ನಿಜವಾಗಿಯೂ ಬಂದಿದ್ದರೆ ಹಿಂಜರಿಯಬೇಡಿ, ಅದು ಮರಿಹುಳುವಿಗಿಂತ ವೇಗವಾಗಿ ಎಲೆ ಉದುರಿಸುತ್ತದೆ. ಅಲ್ಲಿ ತುಕ್ಕಿಗೆ ಮೊದಲ ಮರ್ಯಾದೆ, ಮರಿಹುಳುವನ್ನು ವಾರಕ್ಕೊಮ್ಮೆ ಎಣಿಸುವ ಕೆಲಸ ಹೆಚ್ಚಾಯಿತು ಎಂದು ಒಪ್ಪಿಕೊಳ್ಳಿ. "ಗಿಡ ಹಸಿರಾಗಿರಲಿ" ಎಂದು ರೋಗವಿಲ್ಲದೆಯೇ ಹೊಡೆಯುವುದನ್ನು ಮಾತ್ರ ಬಿಡಿ.

ಬೀಜೋಪಚಾರ: ಪೀಡೆ ಬರುವ ವಾರ ಯಾವುದು?

ನಿಯೋನಿಕೋಟಿನಾಯ್ಡ್ ಗುಂಪಿನ ಕೀಟನಾಶಕವನ್ನು ಬಿತ್ತುವ ಮೊದಲು ಬೀಜಕ್ಕೆ ಲೇಪಿಸುವ ಬೀಜೋಪಚಾರದ ಬಗ್ಗೆ ಬೇಕು ಎನ್ನುವವರೂ ಬೇಡ ಎನ್ನುವವರೂ ಜಗಳವಾಡುತ್ತಾರೆ, ಇಬ್ಬರೂ ತಮ್ಮ ತಮ್ಮ ಹೊಲದ ಮಟ್ಟಿಗೆ ಸರಿಯೇ. ಔಷಧಿ ಗಿಡದೊಳಗೆ ಪರಿಣಾಮಕಾರಿಯಾಗಿ ಉಳಿಯುವುದು ಮೊಳಕೆಯಾದ ಮೇಲೆ ಮೂರು ನಾಲ್ಕು ವಾರ. ಕಾಂಡ ನೊಣವೂ, ಹಳದಿ ನಂಜುರೋಗ ಹರಡುವ ಬಿಳಿನೊಣವೂ ಎಳೆಯ ಗಿಡಕ್ಕೇ ಬೀಳುವ ಕಡೆ ಈ ಮೂರು ವಾರ ಚಿನ್ನದಂಥವು. ಎಳೆ ಗಿಡವೊಂದನ್ನು ಉದ್ದಕ್ಕೆ ಸೀಳಿದಾಗ ನಡುವಿನ ತಿರುಳಿನಲ್ಲಿ ಕೆಂಗಂದು ಸುರಂಗ ಕಂಡರೆ ನಿಮ್ಮಲ್ಲಿ ಕಾಂಡ ನೊಣ ಇದೆ, ಮುಂದಿನ ವರ್ಷ ಉಪಚಾರಕ್ಕೆ ಅರ್ಥವಿದೆ. ಹೇನು ಐದಾರು ವಾರಗಳ ನಂತರ ಬರುವ ಕಡೆ ಅದೇ ಉಪಚಾರ ಕಾವಲುಗಾರ ಮಲಗಿದ ಮೇಲೆ ಕಳ್ಳ ಬಂದಂತೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2014ರಲ್ಲಿ ಅಲ್ಲಿನ ಸೋಯಾದ ಮಟ್ಟಿಗೆ ಇದರಿಂದ ಹೆಚ್ಚಿನ ಸಂದರ್ಭಗಳಲ್ಲಿ ಹೇಳಿಕೊಳ್ಳುವ ಲಾಭವಿಲ್ಲ ಎಂದಿತು.

ಲಾಭವಿಲ್ಲದಿರುವುದು ಬೇರೆ, ಹಾನಿಯಾಗುವುದು ಬೇರೆ. ಪೆನ್ಸಿಲ್ವೇನಿಯಾದ ಪ್ರಯೋಗವೊಂದರಲ್ಲಿ ಉಪಚರಿಸಿದ ಸಸಿಯನ್ನು ಸಿಂಬಳದ ಹುಳುಗಳು ತಿಂದವು, ಅವುಗಳಿಗೆ ಏನೂ ಆಗಲಿಲ್ಲ. ಆ ಹುಳುಗಳನ್ನು ತಿಂದ ನೆಲದ ಜೀರುಂಡೆಗಳು ಮಾತ್ರ ವಿಷವೇರಿ ಬಿದ್ದವು. ಕಾವಲು ತಪ್ಪಿದ ಹೊಲದಲ್ಲಿ ಸಿಂಬಳದ ಹುಳು ಹೆಚ್ಚಿ ಸಸಿಗಳ ಸಂಖ್ಯೆ 19%, ಇಳುವರಿ 5% ತಗ್ಗಿತು. ಈ ಗುಂಪಿನ ಔಷಧಿ ಕೊಟ್ಟ ಕೆಲವು ಬೆಳೆಗಳಲ್ಲಿ ಜೇಡನುಸಿ ಹೆಚ್ಚುವುದೂ ವರದಿಯಾಗಿದೆ, ಗಿಡದ ರಕ್ಷಣೆಯೇ ಅಲ್ಲಿ ಮಂದವಾಗುತ್ತದೆ. ಉಳುಮೆಯಿಲ್ಲದ, ಕೂಳೆ ಮುಚ್ಚಿದ, ತೇವದ ಹೊಲದಲ್ಲಿ ಸಿಂಬಳದ ಹುಳು ಇದ್ದರೆ ನಾನು ಕೀಟನಾಶಕದ ಉಪಚಾರ ಬೇಡ ಎನ್ನುತ್ತೇನೆ. ಶಿಲೀಂಧ್ರನಾಶಕದ ಉಪಚಾರದ ಮಾತು ಬೇರೆ.

ಉಪಚಾರ ಮಾಡುವುದಾದರೆ ಕ್ರಮ ತಪ್ಪಿಸಬೇಡಿ: ಮೊದಲು ಶಿಲೀಂಧ್ರನಾಶಕ, ನಂತರ ಕೀಟನಾಶಕ, ಕೊನೆಗೆ ಬಿತ್ತುವ ಹೊತ್ತಿಗೆ, ಬೇರಿನಲ್ಲಿ ಸಾರಜನಕದ ಗಂಟು ಕಟ್ಟುವ ರೈಜೋಬಿಯಂ ಸೂಕ್ಷ್ಮಾಣು.

ನಂಜುರೋಗದ ವಿಷಯದಲ್ಲಿ ಒಂದು ಭೇದ. ಬಿಳಿನೊಣ ಹಳದಿ ನಂಜನ್ನು ಹತ್ತಿಸಲು ಕೆಲಕಾಲ ಗಿಡದಲ್ಲಿ ಕೂತು ಹೀರಬೇಕು, ಅಷ್ಟರಲ್ಲಿ ಔಷಧಿ ಅದನ್ನು ಕೊಲ್ಲುವ ಸಾಧ್ಯತೆಯಿದೆ. ಹೇನು ಸೋಯಾ ಮೊಸಾಯಿಕ್ ನಂಜನ್ನು ಒಂದೆರಡು ಸಲ ಚುಚ್ಚಿ ನೋಡುವಷ್ಟರಲ್ಲೇ ದಾಟಿಸಿಬಿಡುತ್ತದೆ. ಅಲ್ಲಿ ಔಷಧಿಯಿಂದ ಹೇನು ಸಾಯಬಹುದು, ನಂಜು ನಿಲ್ಲುವುದಿಲ್ಲ. ಶುದ್ಧ ಬೀಜ, ನಿರೋಧಕ ತಳಿ ಇವೇ ಗತಿ.

ನಿರೋಧಕ ತಳಿ, ಬೆಳೆ ಸರದಿ: ನೆಲದೊಳಗಿನ ಜಗಳಕ್ಕೆ

ಜಂತುಹುಳುವಿರುವ ಹೊಲದಲ್ಲಿ ಮೇಲಿನ ಯಾವ ಸಿಂಪಡಣೆಯೂ ಲೆಕ್ಕಕ್ಕಿಲ್ಲ. ಸಿಸ್ಟ್ ಜಂತುಹುಳು ಎಲೆಯ ಮೇಲೆ ಯಾವ ಲಕ್ಷಣವನ್ನೂ ತೋರಿಸದೆಯೇ ಇಳುವರಿಯ ಕಾಲುಭಾಗಕ್ಕೂ ಮಿಕ್ಕಿ ತಿಂದುಹಾಕಬಲ್ಲದು. ಗಿಡವನ್ನು ಎಳೆದು ಕಿತ್ತರೆ ಸಾಕ್ಷಿ ಮಣ್ಣಲ್ಲೇ ಉಳಿಯುತ್ತದೆ, ಸಲಿಕೆಯಿಂದ ಅಗೆದು ಎತ್ತಿ. ಮಣ್ಣನ್ನು ಮೆಲ್ಲಗೆ ಉದುರಿಸಿ ಬಿಸಿಲಿಗೆ ಹಿಡಿದರೆ ಬೇರಿನ ಮೇಲೆ ನಿಂಬೆಯಾಕಾರದ, ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಬಿಳಿ ಅಥವಾ ಹಳದಿ ಮಣಿಗಳು ಕಾಣುತ್ತವೆ. ಸಾರಜನಕದ ಗಂಟುಗಳು ಇದಕ್ಕಿಂತ ಬಹಳ ದೊಡ್ಡವು, ಗಲಿಬಿಲಿ ಬೇಡ. ಒಂದೊಂದು ಮಣಿಯೂ ನೂರಾರು ಮೊಟ್ಟೆ ಹೊತ್ತ ಹೆಣ್ಣು. ಅದು ಸತ್ತ ಮೇಲೂ ದೇಹವೇ ಗಟ್ಟಿ ಚಿಪ್ಪಾಗಿ ಮೊಟ್ಟೆಗಳನ್ನು ವರ್ಷಗಟ್ಟಲೆ ಕಾಪಾಡುತ್ತದೆ.

ಇಲ್ಲಿ ಆಯ್ಕೆ ಎರಡು: ನಿರೋಧಕ ತಳಿ, ಅಥವಾ ಜೋಳ, ಮೆಕ್ಕೆಜೋಳದಂಥ ಆಸರೆ ಕೊಡದ ಬೆಳೆಯೊಂದಿಗೆ ಸರದಿ. ನಿಜವಾದ ಉತ್ತರ ಎರಡೂ. ಸರದಿಯಿಂದ ಸಂಖ್ಯೆ ಇಳಿಯುತ್ತದೆ, ಮುಗಿಯುವುದಿಲ್ಲ. ತಳಿಯ ಕಥೆಯಲ್ಲೂ ಒಂದು ಮುಳ್ಳಿದೆ. ಅಮೆರಿಕದಲ್ಲಿ ನಿರೋಧಕ ಎಂದು ಮಾರಾಟವಾಗುವ ತಳಿಗಳಲ್ಲಿ ಬಹುಪಾಲಿನ ನಿರೋಧಕತೆ ಪಿಐ 88788 ಎನ್ನುವ ಒಂದೇ ಮೂಲದ್ದು. ದಶಕಗಳ ಕಾಲ ಅದನ್ನೇ ಬಿತ್ತಿ ಬಿತ್ತಿ, ಅದರ ಮೇಲೆಯೇ ಮರಿಹಾಕುವ ಜಂತುಹುಳುಗಳು ಎದ್ದಿವೆ. ಚೀಲದ ಮೇಲೆ ನಿರೋಧಕ ಎಂದು ಬರೆದಿದ್ದರೆ ಸಾಲದು, ಯಾವ ಮೂಲದ ನಿರೋಧಕ ಎಂದು ಕೇಳಿ. ಪೆಕಿಂಗ್ ಎನ್ನುವ ಇನ್ನೊಂದು ಮೂಲದ ತಳಿಯೊಂದಿಗೆ ಅದಲುಬದಲು ಮಾಡಿ.

ಈ ತಳಿಗೆ ಕೊಡುವ ಹಣ ಎರಡು ಪೀಡೆಗೆ ಕೆಲಸ ಮಾಡುತ್ತದೆ ಎನ್ನುವುದು ಇದರ ಹೆಚ್ಚುಗಾರಿಕೆ. ಬೇರಿನಿಂದ ಹೊರಟು ಎಲೆನರಗಳ ನಡುವೆ ಹಳದಿ ಪಟ್ಟೆ ಮೂಡಿಸುವ ಹಠಾತ್ ಸಾವಿನ ರೋಗ, ಜಂತುಹುಳು ಇರುವ ಹೊಲದಲ್ಲಿ ಹೆಚ್ಚು ಉಗ್ರವಾಗುತ್ತದೆ. ಜಂತುಹುಳುವನ್ನು ತಡೆದರೆ ಇದೂ ತಗ್ಗುವುದು ಸಾಮಾನ್ಯ. ಚಳಿಗಾಲದ ಕೆಲವು ಕಳೆಗಳು ಇದೇ ಜಂತುಹುಳುವಿಗೆ ಆಸರೆ, ಬೆಳೆಯಿಲ್ಲದ ಹೊಲವನ್ನೂ ಕಳೆ ಬೆಳೆಯಲು ಬಿಡಬೇಡಿ.

ಮರಿಹುಳುವಿಗೆ ವಿಷವಾಗುವ ಬಿಟಿ ಸೋಯಾವನ್ನು ದಕ್ಷಿಣ ಅಮೆರಿಕದಲ್ಲಿ 2013ರಿಂದ ಬೆಳೆಯುತ್ತಿದ್ದಾರೆ. ಕೆಲವು ಎಲೆಹುಳುಗಳಿಗೆ ಅದು ಬಲವಾದ ತಡೆ. ಸ್ಪೊಡಾಪ್ಟೆರಾಗೆ ಅಷ್ಟಾಗಿ ತಟ್ಟುವುದಿಲ್ಲ, ತಿಗಣೆಗೆ ಏನೂ ಇಲ್ಲ. ನಿಮ್ಮ ಹೊಲದ ಮುಖ್ಯ ತಲೆನೋವು ತಿಗಣೆಯಾಗಿದ್ದರೆ ಆ ಬೀಜದ ಹೆಚ್ಚುವರಿ ಹಣ ವ್ಯರ್ಥ.

ಗೊಬ್ಬರದ ಬಗ್ಗೆ ಒಂದೇ ಮಾತು: ಪೊಟ್ಯಾಷ್ ಕೊರತೆಯ ಮಣ್ಣಿನಲ್ಲಿ ಹೇನು ಹೆಚ್ಚು ಬೆಳೆಯುತ್ತದೆ. ಔಷಧಿಗೆ ಕೈ ಹಾಕುವ ಮೊದಲು ಮಣ್ಣು ಪರೀಕ್ಷೆಯ ಚೀಟಿ ತೆಗೆದು ನೋಡಿ.

ಬಿತ್ತನೆಯ ದಿನ, ಸಾಲಿನ ಅಂತರ

ಇಲ್ಲಿ ಪ್ರತಿ ಆಯ್ಕೆಯೂ ಒಬ್ಬನಿಗೆ ಬಾಗಿಲು ಮುಚ್ಚಿ ಇನ್ನೊಬ್ಬನಿಗೆ ತೆರೆಯುತ್ತದೆ. ಬೇಗ ಬಿತ್ತಿದರೆ, ಬೇಗ ಮಾಗುವ ತಳಿಯಿದ್ದರೆ, ಕೊನೆಯಲ್ಲಿ ಬರುವ ತುಕ್ಕು ಮತ್ತು ತಿಗಣೆಯಿಂದ ಬಚಾವು. ಆದರೆ ತಣ್ಣಗಿನ ಒದ್ದೆ ಮಣ್ಣಿನಲ್ಲಿ ಬೇರಿನ ರೋಗಗಳು ಎದ್ದು ಕೂರುತ್ತವೆ, ಮೊದಲು ಹಸಿರಾದ ಹೊಲಕ್ಕೆ ಎಲೆ ಜೀರುಂಡೆಗಳು ಮುತ್ತುತ್ತವೆ. ಸಾಲು ಹತ್ತಿರ ಮಾಡಿದರೆ ನೆರಳು ಬೇಗ ಮುಚ್ಚಿ ಕಳೆ ಸಾಯುತ್ತದೆ, ಅದೇ ನೆರಳಿನ ತೇವದಲ್ಲಿ ಬಿಳಿ ಬೂಷ್ಟಿನ ಕಾಂಡಕೊಳೆ ಹುಟ್ಟುತ್ತದೆ. ಕಳೆದ ಮೂರು ವರ್ಷಗಳಲ್ಲಿ ನಿಮ್ಮ ಹೊಲವನ್ನು ಹೆಚ್ಚು ಕಾಡಿದ್ದು ಯಾವುದು ಎನ್ನುವುದರ ಮೇಲೆ ಇದನ್ನು ತೀರ್ಮಾನಿಸಿ.

ತಿಗಣೆಗೆ ಒಂದು ಉಪಾಯ ನನಗೆ ಇಷ್ಟ. ಹೊಲದ ಒಂದು ಅಂಚಿನಲ್ಲಿ ಬೇಗ ಕಾಯಿ ಕಟ್ಟುವ ತಳಿಯ ಪಟ್ಟಿಯೊಂದನ್ನು ಬಿತ್ತುವುದು. ಕಾಯಿ ಮೊದಲು ಕಂಡ ಕಡೆ ತಿಗಣೆಗಳು ಸೇರುತ್ತವೆ, ಔಷಧಿ ಅಷ್ಟಕ್ಕೇ ಸಾಕು. ಉಳಿದ ಹೊಲದಲ್ಲಿ ತಿಗಣೆಯ ಮೊಟ್ಟೆಯೊಳಗೆ ಮೊಟ್ಟೆಯಿಡುವ ಸಣ್ಣ ಕಣಜಗಳು ಬದುಕಿಕೊಳ್ಳುತ್ತವೆ.

ನಾನಾದರೆ ಹೀಗೆ

ಒಣ ಹವೆ, ಹೇನು ಮಿತಿ ದಾಟಿದೆ, ಕೆಳಗಿನ ಎಲೆಗಳಲ್ಲಿ ನುಸಿಯ ಚುಕ್ಕೆ ಶುರುವಾಗಿದೆ: ಸಾದಾ ಪೈರೆಥ್ರಾಯ್ಡ್ ಮುಟ್ಟುವುದಿಲ್ಲ. ಚುಕ್ಕೆ ಕೆಳಗಿನ ಎಲೆಗಳಲ್ಲೇ ಇದ್ದರೆ ಹೇನಿಗೆ ಮಾತ್ರ ಆಯ್ದ ಔಷಧಿ. ನಡುವಿನ ಎಲೆಗೆ ಏರಿದ್ದರೆ ಎರಡಕ್ಕೂ ನಾಟುವಂಥದ್ದನ್ನು ಹುಡುಕಿ, ವಾರದ ನಂತರ ಮತ್ತೆ ಬಿಳಿ ಕಾಗದ ಹಿಡಿಯುತ್ತೇನೆ, ಏಕೆಂದರೆ ಹಲವು ಔಷಧಿಗಳು ನುಸಿಯ ಮೊಟ್ಟೆಯನ್ನು ಕೊಲ್ಲುವುದಿಲ್ಲ.

ಮೋಡದ ಹವೆ, ಮೀಟರ್‌ಗೆ 20ರ ಆಸುಪಾಸು ಮರಿಹುಳು, ಬಟ್ಟೆಯ ಮೇಲೆ ಬಿದ್ದವುಗಳಲ್ಲಿ ನಾಲ್ಕೈದು ಬಿಳಿ ಹಿಟ್ಟು ಮೆತ್ತಿಕೊಂಡಿವೆ: ಮೂರು ದಿನ ಕಾಯುತ್ತೇನೆ. ತುಕ್ಕು ಕಾಣದಿದ್ದರೆ ಶಿಲೀಂಧ್ರನಾಶಕದ ಮುಚ್ಚಳ ತೆಗೆಯುವುದಿಲ್ಲ.

ಕಾಯಿ ತುಂಬುತ್ತಿದೆ, ಎಲೆ ನಷ್ಟ 10%, ತಿಗಣೆ ಮೀಟರ್‌ಗೆ 3: ಎಲೆಯ ತೂತುಗಳನ್ನು ಮರೆತು ತಿಗಣೆಗೆ ಹೊಡೆಯುತ್ತೇನೆ.

ಹೊಲದ ಒಂದು ಭಾಗ ಮಾತ್ರ ಕುಳ್ಳಾಗಿ ಹಳದಿಯಾಗಿದೆ, ಎಲೆಯ ಮೇಲೆ ಹೇನೂ ಕಡಿಮೆ: ಮೊದಲು ಸಲಿಕೆ.

ಯಾವುದನ್ನು ಹೊಡೆದರೂ ಹತ್ತು ಹೆಜ್ಜೆ ಅಗಲದ ಒಂದು ಪಟ್ಟಿಯನ್ನು ಹೊಡೆಯದೆ ಬಿಟ್ಟು, ಎರಡೂ ತುದಿಗೆ ಕೋಲು ನೆಡುತ್ತೇನೆ. ಮೂರನೆಯ ದಿನ ಅಲ್ಲಿ ಗುರಿಯಿಟ್ಟ ಪೀಡೆಯನ್ನು ಎಣಿಸುವುದು, ಹನ್ನೆರಡನೆಯ ದಿನ ಗುರಿಯಿಡದಿದ್ದ ಪೀಡೆಗಳನ್ನು ಎರಡೂ ಕಡೆ ಎಣಿಸಿ ಒಂದೇ ಪುಟದಲ್ಲಿ ಪಕ್ಕಪಕ್ಕ ಬರೆದಿಡುವುದು.